ಆಟದ ಬಯಲಿನಲ್ಲಿ ಮಾತು

(ಸಂಘದ ವಾರ್ಷಿಕೋತ್ಸವದಂಗವಾಗಿ ಬೋವಿಕಾನದಲ್ಲಿ ಮಾಡಿದ ಭಾಷಣದ ಬರಹರೂಪ)



ಕನ್ನಡ ಸಂಘದ ವೇದಿಕೆಯಿಂದ ಕಾಲ್ಚೆಂಡಾಟದ ವಿಷಯವಾಗಿ ನಾಲ್ಕು ಮಾತು ಹೇಳಬೇಕೆಂದು ಕಾರ್ಯಕಾರೀ ಸಮಿತಿಯವರು ನಮ್ಮನ್ನು ಕೇಳಿಕೊಂಡಾಗ ನಮಗೆ ಮೊದಲು ಸಂಕೋಚವೇ ಆಯಿತು. ಇಂತಹ ವೇದಿಕೆಯ ಮೇಲೆ ಪಾರ್ತಿಸುಬ್ಬನ ವಿಚಾರ, ಮಂಜೇಶ್ವರದ ಗೋವಿಂದ ಪೈಗಳ ವಿಚಾರ, ಕಯ್ಯಾರ ಕಿಞ್ಞಣ್ಣ ರೈಗಳ ವಿಚಾರ ಬರುವುದು ವಾಡಿಕೆ. ಅವರೆಲ್ಲ ಮಾತನ್ನು ಬಾಳಿಸಿದವರು. ಅವರ ನಡುವೆ ಚೆಂಡು ಒದೆಯುವವರಿಗೇನು ಕೆಲಸ ಎಂದು ತಾವು ಕೇಳಬಹುದು. ಆದರೆ ನಾವು ಹೇಳಹೊರಟಿರುವುದೂ ಮಾತಿನ ವಿಚಾರವೇ. ಆಟವಾಡುವ ಹನ್ನೆರಡು ಹದಿಮೂರು ವಯಸ್ಸಿನ ಮಕ್ಕಳು ಬಯಲಿನಲ್ಲಿ ಒಬ್ಬರಿಗೊಬ್ಬರು ಏನು ಹೇಳಬೇಕು, ಯಾವಾಗ ಹೇಳಬೇಕು, ಅದನ್ನು ಅವರಿಗೆ ಕಲಿಸುವುದು ಹೇಗೆ ಎಂಬ ಸಣ್ಣ ವಿಚಾರ. ಸಣ್ಣದೆಂದು ನಾವೂ ಒಂದು ಕಾಲದಲ್ಲಿ ಭಾವಿಸಿದ್ದೆವು. ಒಂದು ಸಂಜೆ ನಡೆದ ಘಟನೆ ನಮ್ಮ ಆ ಭಾವನೆಯನ್ನು ಬದಲಿಸಿತು.

ಚೆರ್ಕಳದಿಂದ ಜಾಲ್ಸೂರಿಗೆ ಹೋಗುವ ಮಾರ್ಗದ ಈ ಆಸುಪಾಸಿನಲ್ಲಿ ಕೊಯ್ಲಾದ ಗದ್ದೆಗಳು ಬೇಸಗೆಯಲ್ಲಿ ಆಟದ ಬಯಲುಗಳಾಗುವುದು ತಮಗೆಲ್ಲ ತಿಳಿದೇ ಇದೆ. ಅಂತಹ ಒಂದು ಗದ್ದೆಯಲ್ಲಿ ನಾವು ಊರ ಮಕ್ಕಳಿಗೆ ಸಂಜೆಯ ಹೊತ್ತು ಆಟ ಹೇಳಿಕೊಡುತ್ತಿದ್ದೆವು. ಒಂದು ಕಡೆ ಮಾರ್ಗ, ಇನ್ನೊಂದು ಕಡೆ ಅಡಕೆತೋಟ. ಮಕ್ಕಳಲ್ಲಿ ಕನ್ನಡ ಮಾಧ್ಯಮದವರು ಆರೇಳು ಮಂದಿ, ಮಲಯಾಳ ಮಾಧ್ಯಮದವರು ಅದಕ್ಕಿಂತ ಹೆಚ್ಚು. ಮನೆಯಲ್ಲಿ ತುಳು, ಹವ್ಯಕ ಕನ್ನಡ, ಕೊಂಕಣಿ, ಮರಾಠಿ, ಮಲಯಾಳ, ಬ್ಯಾರಿ ಮಾತು, ಹೀಗೆ ಒಬ್ಬೊಬ್ಬರದು ಒಂದೊಂದು. ಸಪ್ತಭಾಷೆಗಳ ನಾಡೆಂದು ಭಾಷಣಗಳಲ್ಲಿ ನಾವು ಹೆಮ್ಮೆಪಡುವುದುಂಟಷ್ಟೆ. ಆ ಗದ್ದೆಯಲ್ಲಿ ಅದು ಪ್ರತ್ಯಕ್ಷವಾಗಿತ್ತು.

ಅಂದು ಚೆಂಡು ಎತ್ತರಕ್ಕೆ ಹಾರಿ ನಮ್ಮ ಗೋಲಿನ ಮುಂದೆ ಇಳಿಯುತ್ತಿತ್ತು. ಕನ್ನಡ ಮಾಧ್ಯಮದ ಹುಡುಗನೊಬ್ಬನು ತನ್ನ ಮುಂದಿದ್ದವನಿಗೆ ‘ಎಡ, ಎಡ!’ ಎಂದು ಕೂಗಿದನು. ಎಡಬದಿಯಿಂದ ಎದುರಾಳಿ ಓಡಿಬರುತ್ತಿದ್ದಾನೆ, ನೋಡಿಕೋ ಎಂಬುದು ಅವನ ಅರ್ಥ. ಮುಂದಿದ್ದವನು ಮಲಯಾಳಿ. ‘ಎಡಾ’ ಎಂದರೆ ಆ ಭಾಷೆಯಲ್ಲಿ ‘ಏನೋ, ಲೋ’ ಎಂದು ಸಲಿಗೆಯಿಂದ ಕರೆಯುವ ಮಾತು. ಯಾರೋ ತನ್ನನ್ನು ಕರೆದರೆಂದು ಅವನು ಹಿಂತಿರುಗಿ ನೋಡಿದನು. ಅಷ್ಟರಲ್ಲಿ ಓಡಿಬಂದವನ ತಲೆ ಇವನ ಹುಬ್ಬಿಗೆ ಬಡಿದು ಹುಬ್ಬು ಒಡೆಯಿತು. ಗಾಯಕ್ಕೆ ಹೊಲಿಗೆ ಹಾಕಿಸಬೇಕಾಯಿತು. ದೈವಕೃಪೆಯಿಂದ ಕಣ್ಣಿಗೆ ಅಪಾಯವಾಗಲಿಲ್ಲ.

ಮರುದಿನ ನಾವು ಕೂಗಿದ ಹುಡುಗನನ್ನು ಕರೆದು ವಿಚಾರಿಸಿದೆವು. ‘ಮಾಷ್ಟ್ರೇ, ನಾನು ಹೇಳಿದ್ದೆ. ಅವನಿಗೆ ಗೊತ್ತಾಗಲಿಲ್ಲ’ ಎಂದನು. ಸ್ವಲ್ಪ ತಡೆದು, ‘ಇನ್ನು ನಾನು ಏನೂ ಹೇಳುವುದಿಲ್ಲ’ ಎಂದನು. ಹಾಗೆಯೇ ಮಾಡಿದನು ಕೂಡ. ಅನಂತರದ ಮೂರು ವಾರ ಅವನು ಬಯಲಿಗೆ ಬಂದು, ಓಡಿ, ಒದ್ದು, ಒಂದು ಶಬ್ದವನ್ನೂ ಆಡದೆ ಮನೆಗೆ ಹೋಗುತ್ತಿದ್ದನು. ಮಾತಾಡದವನಿಗೆ ಚೆಂಡು ಬರುವುದಿಲ್ಲ. ಚೆಂಡು ಬಾರದವನಿಗೆ ಆಟದಲ್ಲಿ ಮನಸ್ಸು ನಿಲ್ಲುವುದಿಲ್ಲ. ನಾಲ್ಕನೆಯ ವಾರ ಅವನು ಬರಲಿಲ್ಲ.

ಆಗ ನಾವು ಉಳಿದ ಕನ್ನಡ ಮಾಧ್ಯಮದ ಮಕ್ಕಳನ್ನು ಗಮನಿಸಿ ನೋಡಿದೆವು. ಆಟದಲ್ಲಿ ಅವರು ಯಾರಿಗೂ ಕಡಿಮೆಯವರಲ್ಲ. ಆದರೆ ಬಯಲಿನ ಭಾಷೆ ಮಲಯಾಳವಾಗಿದ್ದುದರಿಂದ ಅವರ ಬಾಯಿ ಕಟ್ಟಿಹೋಗಿತ್ತು. ಮಲಯಾಳ ಅವರಿಗೆ ಬಾರದೆಂದಲ್ಲ. ಅಂಗಡಿಯಲ್ಲಿ, ಬಸ್ಸಿನಲ್ಲಿ ಚೆನ್ನಾಗಿಯೇ ಆಡುತ್ತಾರೆ. ಆದರೆ ಎದುರಾಳಿ ಮೈಮೇಲೆ ಬೀಳುತ್ತಿರುವಾಗ, ಅರೆಕ್ಷಣದಲ್ಲಿ, ನಾಲಗೆಗೆ ಬರುವುದು ಮನೆಯ ಮಾತು. ಮನೆಯ ಮಾತು ಬಂದರೆ ಬೇರೆಯವರು ನಗುತ್ತಾರೆ, ಇಲ್ಲವೇ ತಪ್ಪು ತಿಳಿಯುತ್ತಾರೆ. ಆದುದರಿಂದ ಬಾಯಿ ಮುಚ್ಚಿಕೊಳ್ಳುವುದೇ ಕ್ಷೇಮವೆಂದು ಆ ಎಳೆಯ ಜೀವಗಳು ತೀರ್ಮಾನಿಸಿದ್ದವು. ೧೯೫೬ರ ನವೆಂಬರ್ ೧ರಂದು ಕಾಸರಗೋಡು ಕೇರಳಕ್ಕೆ ಸೇರಿದಂದಿನಿಂದ ಕಚೇರಿಯ ಕಿಟಕಿಯ ಮುಂದೆ, ಅರ್ಜಿಯ ಕಾಗದದ ಮುಂದೆ ನಮ್ಮ ಹಿರಿಯರು ಅನುಭವಿಸಿದ ಮೌನದ ಪರಿಚಯ ತಮಗಿದೆ. ಆ ಮೌನವು ಮಕ್ಕಳ ಆಟದ ಗದ್ದೆಗೂ ಇಳಿದಿತ್ತೆಂಬುದು ಮಾತ್ರ ನಮಗೆ ಹೊಸ ಸಂಗತಿ.

ಭಾಷೆ ಹಲವಾದರೆ ತಂಡ ಕೂಡಿ ಆಡಲಾರದೇ? ಹಾಗೆ ಹೇಳುವಂತಿಲ್ಲ. ೧೯೬೨ರ ಸೆಪ್ಟೆಂಬರ್ ೪ರಂದು ಜಕಾರ್ತದಲ್ಲಿ ಏಷ್ಯನ್ ಕ್ರೀಡೆಗಳ ಅಂತಿಮ ಪಂದ್ಯದಲ್ಲಿ ದಕ್ಷಿಣ ಕೊರಿಯಾವನ್ನು ೨-೧ರಿಂದ ಸೋಲಿಸಿ ಚಿನ್ನ ಗೆದ್ದ ಭಾರತ ತಂಡವನ್ನು ನೆನೆಯಿರಿ. ನಾಯಕ ಚುನಿ ಗೋಸ್ವಾಮಿ ಬಂಗಾಳದವರು. ಜರ್ನೈಲ್ ಸಿಂಗ್ ಪಂಜಾಬಿನವರು. ಚಂದ್ರಶೇಖರನ್ ನಮ್ಮ ಕೇರಳದವರು. ಹೈದರಾಬಾದಿನಿಂದ ಬಂದವರೂ ಹಲವರು. ತರಬೇತಿ ಕೊಟ್ಟ ಸೈಯದ್ ಅಬ್ದುಲ್ ರಹೀಮ್ ಹೈದರಾಬಾದಿನ ಒಬ್ಬ ಶಾಲಾ ಉಪಾಧ್ಯಾಯರು. ಮೊದಲ ಗೋಲು ಪಿ.ಕೆ. ಬ್ಯಾನರ್ಜಿಯವರದು. ತಲೆಗೆ ಪೆಟ್ಟಾಗಿ ಹೊಲಿಗೆ ಹಾಕಿಸಿಕೊಂಡಿದ್ದ ಜರ್ನೈಲರು ಹಿಂದಿನ ಸ್ಥಾನ ಬಿಟ್ಟು ಮುಂದೆ ಆಡಿ ಎರಡನೆಯದನ್ನು ಹೊಡೆದರು. ಅದಕ್ಕೂ ಮೊದಲು, ೧೯೪೮ರ ಲಂಡನ್ ಒಲಿಂಪಿಕ್ಸಿನಲ್ಲಿ, ಬಹುಮಂದಿ ಬರಿಗಾಲಿನಲ್ಲಿ ಆಡಿದ ತಂಡವು ಫ್ರಾನ್ಸಿನೆದುರು ೧-೨ರಿಂದ ಸೋತಿತಾದರೂ, ಭಾರತದ ಪರವಾಗಿ ಬಂದ ಒಂದೇ ಗೋಲನ್ನು ಹೊಡೆದವರು ಬೆಂಗಳೂರಿನ ರಾಮನ್. ಅಲ್ಲಿಯೂ ಹನ್ನೊಂದು ಮಂದಿಗೆ ಒಂದು ಮನೆಮಾತಿರಲಿಲ್ಲ. ಹಾಗಾದರೆ ಹಲವು ಭಾಷೆಗಳಿರುವುದು ದೋಷವಲ್ಲ. ಮಾತುಗಳನ್ನು ಮೊದಲೇ ಕೂಡಿ ಗೊತ್ತುಮಾಡಿಕೊಳ್ಳದಿರುವುದು ದೋಷ. ನಮ್ಮ ಗದ್ದೆಯಲ್ಲಿ ಆ ದೋಷ ನಮ್ಮದಾಗಿತ್ತು, ಮಕ್ಕಳದಲ್ಲ.

ಇನ್ನು ಆಟದ ಮಾತೆಂದರೇನು ಎಂಬುದನ್ನು ಸ್ವಲ್ಪ ವಿವರಿಸಬೇಕು. ಬಯಲಿನ ಬದಿಯಲ್ಲಿ ನಿಂತು ಕೇಳಿದರೆ ಗದ್ದಲಕ್ಕೇನೂ ಕೊರತೆಯಿಲ್ಲ. ‘ಎಂಥ ಮಾರಾಯಾ!’, ‘ನನಗೆ ಯಾಕೆ ಕೊಡಲಿಲ್ಲ?’, ‘ಅಷ್ಟೂ ಗೊತ್ತಾಗುವುದಿಲ್ಲವಾ?’ ಎಂಬ ಕೂಗುಗಳೇ ಬಹಳ. ಇವೆಲ್ಲ ಚೆಂಡು ಹೋದ ಮೇಲಿನ ಮಾತುಗಳು. ಹೋದ ಚೆಂಡಿಗೆ ಮಾತು ಹೇಳಿ ಪ್ರಯೋಜನವಿಲ್ಲ. ಚೆಂಡು ಬರುವ ಮೊದಲು ಹೇಳಿದ್ದು ಮಾತ್ರ ಉಪಕಾರ. ಇದೊಂದು ಭೇದವನ್ನು ಮಕ್ಕಳಿಗೆ ಮನಗಾಣಿಸಲು ನಮಗೆ ಸುಮಾರು ಒಂದು ತಿಂಗಳು ಹಿಡಿಯಿತು.

ಇದಕ್ಕೆ ತೋಟದ ಕೆಲಸವನ್ನೇ ನಾವು ಉದಾಹರಣೆಯಾಗಿ ಕೊಟ್ಟೆವು. ಅಡಕೆಮರದ ತುದಿಯಲ್ಲಿ ಕುಳಿತು ಗೊನೆ ಕೊಯ್ಯುವವನು ಗೊನೆಯನ್ನು ಕೆಳಗೆ ಬಿಡುವ ಮೊದಲು ಕೂಗು ಹಾಕುತ್ತಾನೆ, ಬಿಟ್ಟ ಮೇಲೆ ಅಲ್ಲ. ಕೆಳಗೆ ಗೋಣಿ ಹಿಡಿದು ನಿಂತವನು ಆ ಕೂಗಿಗೆ ಮರುದನಿ ಕೊಡುತ್ತಾನೆ. ಮಳೆಗಾಲದಲ್ಲಿ ಕೊಳೆರೋಗಕ್ಕೆ ಮದ್ದು ಬಿಡುವಾಗಲೂ ಹಾಗೆಯೇ. ಮೇಲಿನವನು ‘ಸಾಕು’ ಎನ್ನದೆ ಕೆಳಗಿನ ಪಂಪು ನಿಲ್ಲುವುದಿಲ್ಲ. ಮೇಲಿರುವವನಿಗೆ ಕಾಣುವುದು ಕೆಳಗಿರುವವನಿಗೆ ಕಾಣುವುದಿಲ್ಲ. ಕಂಡವನು ಕಾಣದವನಿಗೆ ಹೇಳಬೇಕು. ಮಕ್ಕಳು ಇದನ್ನು ತಕ್ಷಣ ಹಿಡಿದರು, ಏಕೆಂದರೆ ಅವರಲ್ಲಿ ಅರ್ಧ ಮಂದಿ ಆ ಗೋಣಿ ಹಿಡಿದವರೇ. ‘ಹಾಗಾದರೆ ನಮ್ಮಲ್ಲಿ ಮರದ ಮೇಲಿರುವವನು ಗೋಲಿ’ ಎಂದು ಒಬ್ಬಳು ಹುಡುಗಿ ಹೇಳಿದಳು. ಅವಳ ಮಾತು ಸರಿ. ಪೂರ್ಣ ಅಳತೆಯ ಮೈದಾನದ ಉದ್ದ ೯೦ರಿಂದ ೧೨೦ ಮೀಟರ್. ಅದೆಲ್ಲವನ್ನೂ ಮುಖದ ಮುಂದೆಯೇ ಕಾಣುವವನು ಗೋಲುರಕ್ಷಕನೊಬ್ಬನೇ. ಆದರೂ ಅತ್ಯಂತ ಮಿತಭಾಷಿಯಾದ ಹುಡುಗನನ್ನು ಹುಡುಕಿ ಗೋಲಿನಲ್ಲಿ ನಿಲ್ಲಿಸುವುದು ನಮ್ಮ ಊರುಗಳ ಹಳೆಯ ಪದ್ಧತಿ. ಓಡಲಾರದವನು ಗೋಲಿ, ಮಾತಾಡದವನು ಗೋಲಿ! ಇದನ್ನು ಬಿಡಬೇಕು.

ಮಾತಿಗೆ ದೊರೆಯುವ ಕಾಲವೆಷ್ಟೆಂಬುದನ್ನೂ ಲೆಕ್ಕ ಹಾಕೋಣ. ೧೫ ಮೀಟರ್ ದೂರದಿಂದ ಬಲವಾಗಿ ಒದ್ದ ಚೆಂಡು ಒಂದು, ಹೆಚ್ಚೆಂದರೆ ಒಂದೂವರೆ ಸೆಕೆಂಡಿನಲ್ಲಿ ನಮ್ಮನ್ನು ಮುಟ್ಟುತ್ತದೆ. ದನಿಯ ವೇಗ ಸೆಕೆಂಡಿಗೆ ಸುಮಾರು ೩೪೦ ಮೀಟರ್. ಅಷ್ಟು ದೂರವನ್ನು ಅದು ಒಂದು ಸೆಕೆಂಡಿನ ಇಪ್ಪತ್ತರಲ್ಲೊಂದು ಪಾಲಿನೊಳಗೆ ದಾಟುತ್ತದೆ. ಆದುದರಿಂದ ತಡವಾಗುವುದು ದನಿಯ ದಾರಿಯಲ್ಲಲ್ಲ. ಹೇಳುವವನ ಬಾಯಲ್ಲಿ ಮತ್ತು ಕೇಳುವವನ ತಲೆಯಲ್ಲಿ. ‘ನಿನ್ನ ಹಿಂದಿನಿಂದ ಒಬ್ಬನು ಬರುತ್ತಿದ್ದಾನೆ, ಜಾಗ್ರತೆ’ ಎಂಬ ಶುದ್ಧ ಕನ್ನಡ ವಾಕ್ಯ ಮುಗಿಯುವಷ್ಟರಲ್ಲಿ ಬರುವವನು ಬಂದು, ಚೆಂಡು ಕೊಂಡು, ಹೋಗಿಯೂ ಆಗಿರುತ್ತದೆ. ಎರಡು ಅಕ್ಷರ, ಮೀರಿದರೆ ಮೂರು. ಅಷ್ಟಕ್ಕೇ ಅಲ್ಲಿ ಎಡೆ.

ಆ ಎರಡಕ್ಷರದ ಮಾತುಗಳು ಯಾವುವಿರಬೇಕು? ಇಲ್ಲಿ ನಮಗೆ ಬಹಳ ಸ್ವಾರಸ್ಯವಾದ ಸಂಗತಿಗಳು ಸಿಕ್ಕಿದುವು. ನಾವು ಮಾತುಗಳನ್ನು ಹೇಳಿಕೊಡಲಿಲ್ಲ. ಮಕ್ಕಳನ್ನು ತೋಟದ ನೆರಳಿನಲ್ಲಿ ಕೂರಿಸಿ, ಒಬ್ಬೊಬ್ಬರೂ ತಮ್ಮ ಮನೆಮಾತಿನಲ್ಲಿ ಏನೆಂದು ಕೂಗುತ್ತಾರೆಂದು ಕೇಳಿ, ಅವರಿಂದಲೇ ಬರೆಯಿಸಿದೆವು.

‘ಎಡ’ದ ಕಥೆ ಆಗಲೇ ಹೇಳಿದೆವು. ‘ಬಲ’ದ ಕಥೆ ಇನ್ನೂ ಸೊಗಸು. ಕನ್ನಡದ ಹುಡುಗ ‘ಬಲ, ಬಲ!’ ಎಂದರೆ ಬಲಗಡೆಗೆ ಎಂದು ಅರ್ಥ. ತುಳುವಿನಲ್ಲಿ ‘ಬಲ’ ಎಂದರೆ ಬಾ ಎಂದು. ಬಲಗಡೆ ಕೊಡು ಎಂದರೆ ತುಳು ಮಾತಿನ ಹುಡುಗ ಕೂಗಿದವನ ಹತ್ತಿರಕ್ಕೇ ಓಡಿ ಬರುತ್ತಾನೆ! ಹೀಗೆ ಎಡವೂ ಬಲವೂ ನಮ್ಮ ನಾಡಿನ ಬಯಲಿಗೆ ಒದಗಿಬಾರದ ಮಾತುಗಳಾದುವು. ‘ಲೆಫ್ಟ್, ರೈಟ್’ ಎನ್ನೋಣವೆಂದರೆ, ಬಸ್ಸಿನ ಕಂಡಕ್ಟರು ‘ರೈಟ್’ ಎಂದಾಗಲೆಲ್ಲ ಮುಂದೆ ಹೋಗುವುದನ್ನು ನೋಡಿ ಬೆಳೆದ ಮಕ್ಕಳು ನೇರ ಮುಂದೋಡುತ್ತಾರೆ. ಇದನ್ನು ಹೇಳಿ ಮಕ್ಕಳೇ ನಕ್ಕರು. ಅದೂ ಅಲ್ಲದೆ ಇನ್ನೊಂದು ತೊಡಕು: ಎದುರುಬದುರಾಗಿ ನಿಂತಾಗ ಒಬ್ಬನ ಎಡ ಇನ್ನೊಬ್ಬನ ಬಲ. ಕೂಗುವವನ ಎಡವೋ ಕೇಳುವವನ ಎಡವೋ ಎಂದು ಯೋಚಿಸಲು ಯಾರಿಗೆ ವ್ಯವಧಾನ?

ಕೊನೆಗೆ ಪರಿಹಾರ ಹೇಳಿದವನು ಆರನೆಯ ತರಗತಿಯ ಒಬ್ಬ ಹುಡುಗ. ‘ಒಂದು ಕಡೆ ರೋಡು, ಒಂದು ಕಡೆ ತೋಟ. ಹಾಗೆಯೇ ಹೇಳಿದರೆ ಆಯಿತಲ್ಲ?’ ಎಂದನು. ರೋಡು ಎಲ್ಲ ಭಾಷೆಗಳಲ್ಲಿಯೂ ರೋಡೇ. ತೋಟ ಕನ್ನಡಕ್ಕೂ ತುಳುವಿಗೂ ತೋಟವೇ, ಮಲಯಾಳಕ್ಕೆ ತೋಟ್ಟಂ. ಯಾರು ಯಾವ ಕಡೆಗೆ ಮುಖ ಮಾಡಿದರೂ ರೋಡು ತೋಟವಾಗುವುದಿಲ್ಲ. ನಾವು ಎಷ್ಟೋ ವರ್ಷ ಆಟ ನೋಡಿದವರು. ಈ ಉಪಾಯ ನಮಗೆ ಹೊಳೆದಿರಲಿಲ್ಲ. ಪರಸ್ಥಳದ ಮೈದಾನಕ್ಕೆ ಹೋದಾಗ ಆಟಕ್ಕೆ ಮೊದಲು ಎರಡೂ ಬದಿಗೆ ಏನಿದೆಯೆಂದು ನೋಡಿ ಹೆಸರಿಟ್ಟುಕೊಳ್ಳುತ್ತಾರೆ. ಒಂದು ಕಡೆ ಅಂಗಡಿ, ಒಂದು ಕಡೆ ಗುಡ್ಡ, ಹೀಗೆ. ಎರಡೂ ಕಡೆ ಗುಡ್ಡವೇ ಇದ್ದ ಒಂದು ಬಯಲಿನಲ್ಲಿ ಮಾತ್ರ ಕಷ್ಟವಾಯಿತು.

ಹಿಂದಿನಿಂದ ಎದುರಾಳಿ ಬರುತ್ತಿದ್ದರೆ ಎಚ್ಚರಿಸಲು ‘ಆಳ್!’ ಎಂಬ ಮಾತು ನಿಂತಿತು. ಕನ್ನಡದ ಆಳು, ತುಳುವಿನ ಆಳ್, ಮಲಯಾಳದ ಆಳ್ ಮೂರೂ ಮನುಷ್ಯನೇ. ಕೂಗಲು ಬಾಯಿ ಅಗಲವಾಗಿ ತೆರೆಯುವ ‘ಆ’ಕಾರ ಬೇರೆ, ದೂರಕ್ಕೆ ಕೇಳುತ್ತದೆ. ಚೆಂಡನ್ನು ಮುಟ್ಟದೆ ಬಿಡು ಎಂಬುದಕ್ಕೆ ಕನ್ನಡದಲ್ಲಿ ಬಿಡು, ತುಳುವಿನಲ್ಲಿ ಬುಡು, ಮಲಯಾಳದಲ್ಲಿ ವಿಡ್. ಒಂದೇ ತಾಯಿಯ ಮಕ್ಕಳೆಂಬುದು ಕೇಳಿದೊಡನೆ ತಿಳಿಯುತ್ತದೆ. ಯಾರು ಯಾವುದನ್ನು ಕೂಗಿದರೂ ಉಳಿದವರಿಗೆ ಅರ್ಥವಾಗುತ್ತದೆ. ಆದ್ದರಿಂದ ಇದಕ್ಕೆ ಮೂರೂ ಮಾತುಗಳಿಗೆ ಅಪ್ಪಣೆಯಾಯಿತು. ಕೊಂಕಣಿ, ಮರಾಠಿಯವರು ‘ಸೋಡ್’ ಎನ್ನುತ್ತಾರೆ; ಅವರು ಉಳಿದವರಿಗಾಗಿ ‘ಬಿಡು’ವನ್ನು ಒಪ್ಪಿಕೊಂಡರು. ‘ನನ್ನದು’ ಎಂದು ಹೇಳಲು ಮಾತ್ರ ಯಾವ ಭಾಷೆಯೂ ಬೇಡವೆಂದು ತೀರ್ಮಾನವಾಯಿತು. ನಂದು, ಎನ್ನ, ಎಂಡೆ ಎಂದು ಮೂರು ಬಗೆಯಾಗಿ ಕೂಗುವ ಬದಲು ಒಬ್ಬೊಬ್ಬನೂ ತನ್ನ ಹೆಸರನ್ನೇ ಕೂಗಿಕೊಂಡು ಚೆಂಡಿಗೆ ಹೋಗುವುದು. ಹೆಸರಿಗೆ ಅನುವಾದವಿಲ್ಲವಷ್ಟೆ.

ಇಷ್ಟಾದ ಮೇಲೆಯೂ ಒಂದು ಅಡ್ಡಿ ಉಳಿದಿತ್ತು. ಅದು ಭಾಷೆಯದಲ್ಲ, ಮರ್ಯಾದೆಯದು. ಹನ್ನೊಂದು ವರ್ಷದ ಹುಡುಗನು ಹದಿನೈದು ವರ್ಷದವನಿಗೆ ‘ಬಿಡು’ ಎಂದು ಏಕವಚನದಲ್ಲಿ ಕೂಗಲಾರ. ಅವನು ಮನೆಯ ಪಕ್ಕದ ಅಣ್ಣ. ‘ಬಿಡಿ ಅಣ್ಣಾ’ ಎನ್ನುವಷ್ಟು ಕಾಲವಿಲ್ಲ. ಹೀಗಾಗಿ ಚಿಕ್ಕವರು ಕಂಡರೂ ಹೇಳುತ್ತಿರಲಿಲ್ಲ. ದೊಡ್ಡವರೋ, ಚಿಕ್ಕವರನ್ನು ಗದರಲು ಮಾತ್ರ ಬಾಯಿ ತೆರೆಯುತ್ತಿದ್ದರು. ನಾವು ಹಿರಿಯ ಹುಡುಗರನ್ನೆಲ್ಲ ಸಾಲಾಗಿ ನಿಲ್ಲಿಸಿ, ‘ಗೆರೆಯೊಳಗೆ ಬಂದ ಮೇಲೆ ಇವರು ನಿಮ್ಮನ್ನು ನೀನು ಎಂದರೆ ಬೇಸರವಿಲ್ಲವೆಂದು ನಿಮ್ಮ ಬಾಯಿಂದಲೇ ಹೇಳಿ’ ಎಂದೆವು. ಹೇಳಿದರು. ದೇವರನ್ನೂ ತಾಯಿಯನ್ನೂ ನಾವು ‘ನೀನು’ ಎಂದೇ ಕರೆಯುವುದಲ್ಲವೇ ಎಂದು ಚಿಕ್ಕವರಿಗೆ ಧೈರ್ಯ ಹೇಳಿದೆವು. ಗೆರೆಯ ಹೊರಗೆ ಬಂದೊಡನೆ ಮತ್ತೆ ಅಣ್ಣ, ಮತ್ತೆ ಬಹುವಚನ. ಮಕ್ಕಳು ಈ ಗೆರೆಯನ್ನು ನಾವೆಣಿಸಿದ್ದಕ್ಕಿಂತ ಚೆನ್ನಾಗಿ ಪಾಲಿಸಿದರು.

ಕಲಿಸಿದ ಬಗೆಯನ್ನು ಸಂಕ್ಷೇಪವಾಗಿ ಹೇಳುವೆವು. ಎಂಟು ವರ್ಷದೊಳಗಿನವರಿಗೆ ಈ ಗೋಜೇ ಬೇಡ. ಆ ವಯಸ್ಸಿನಲ್ಲಿ ಚೆಂಡೂ ತಾನೂ ಬಿಟ್ಟರೆ ಮೂರನೆಯದು ಕಾಣುವುದಿಲ್ಲ. ಚೆಂಡು ಕೊಡುವವನ ಹೆಸರನ್ನು ಕರೆದು ಕೊಟ್ಟರೆ ಸಾಕು. ಹತ್ತು ಹನ್ನೊಂದರವರಿಗೆ ವಾರಕ್ಕೊಂದು ಮಾತು. ಒಂದು ವಾರವೆಲ್ಲ ‘ಆಳ್’ ಮಾತ್ರ. ಅದು ನಾಲಗೆಗೆ ಒಗ್ಗಿದ ಮೇಲೆ ‘ಬಿಡು’. ಮೊದಲು ಚೆಂಡನ್ನು ಕೈಯಲ್ಲೇ ಎಸೆದು ಹಿಡಿಯುವ ಆಟ, ಆಮೇಲೆ ನಾಲ್ವರ ನಡುವೆ ಇಬ್ಬರು ಚೆಂಡು ಕಸಿಯುವ ಆಟ, ಕೊನೆಗೆ ಪೂರ್ಣ ಆಟ. ಹದಿಮೂರು ದಾಟಿದವರಿಗೆ ಹಿಂದೆ ನಿಂತು ಮುಂದಿನವರನ್ನು ನಡೆಸುವುದನ್ನು ಕಲಿಸಬಹುದು.

ಇದರಲ್ಲಿ ನಮಗೆ ಅತ್ಯಂತ ಫಲ ಕೊಟ್ಟದ್ದು ಮೌನದ ಆಟ. ಹತ್ತು ನಿಮಿಷ ಯಾರೂ ತುಟಿ ಬಿಚ್ಚಬಾರದು. ಕೈಸನ್ನೆ, ಕಣ್ಸನ್ನೆ ಮಾತ್ರ. ಮೊದಲ ದಿನ ಚೆಂಡು ದಿಕ್ಕಾಪಾಲಾಯಿತು. ಬರಬರುತ್ತ ಮಕ್ಕಳು ತಲೆಯೆತ್ತಿ ಒಬ್ಬರನ್ನೊಬ್ಬರು ನೋಡತೊಡಗಿದರು. ಕಿವಿ ಸ್ವಲ್ಪ ಮಂದವಾಗಿದ್ದ ಒಬ್ಬ ಹುಡುಗನಿದ್ದನು. ಆ ಹತ್ತು ನಿಮಿಷದಲ್ಲಿ ಅವನೇ ಎಲ್ಲರಿಗಿಂತ ಮೇಲಾದನು. ಅಂಗೈಯನ್ನು ಕೆಳಕ್ಕೆ ಮಾಡಿದರೆ ಕಾಲಿಗೆ ಕೊಡು, ಬೆರಳು ಮುಂದಕ್ಕೆ ಚಾಚಿದರೆ ಓಡುವ ಜಾಗಕ್ಕೆ ಕೊಡು ಎಂಬ ಅವನ ಸನ್ನೆಗಳನ್ನು ಉಳಿದವರು ಅವನಿಂದಲೇ ಕಲಿತರು.

ನೋಡದವನಿಗೆ ಹೇಳಲು ಏನೂ ಇರುವುದಿಲ್ಲ. ನಾರ್ವೆ ದೇಶದ ಗೈರ್ ಯೋರ್ಡೆಟ್ ಎಂಬ ವಿದ್ವಾಂಸರೂ ಅವರ ಸಂಗಡಿಗರೂ ಇಂಗ್ಲೆಂಡಿನ ಪ್ರೀಮಿಯರ್ ಲೀಗಿನ ಆಟಗಾರರನ್ನು ಪರೀಕ್ಷಿಸಿ ೨೦೧೩ರಲ್ಲಿ ತಿಳಿಸಿದುದೇನೆಂದರೆ, ಚೆಂಡು ತನ್ನ ಕಾಲಿಗೆ ಬರುವ ಮೊದಲು ಹೆಚ್ಚು ಸಲ ಕತ್ತು ತಿರುಗಿಸಿ ಸುತ್ತ ನೋಡುವವರು ಹೆಚ್ಚು ಸಫಲವಾಗಿ ಚೆಂಡನ್ನು ದಾಟಿಸುತ್ತಾರೆ. ನಮ್ಮಲ್ಲಿ ಮಕ್ಕಳಿಗೆ ‘ಚೆಂಡನ್ನೇ ನೋಡು’ ಎಂದು ಹೇಳಿಕೊಡುವ ರೂಢಿ. ನಾವೂ ಹೇಳಿದವರೇ. ಅದು ಅರ್ಧ ಸತ್ಯ.

ನಿಯಮದ ವಿಷಯವಾಗಿ ಒಂದು ತಪ್ಪು ಕಲ್ಪನೆ ನಮ್ಮ ಕಡೆ ಇದೆ. ‘ನಂದು’ ಎಂದು ಕೂಗಿದರೆ ರೆಫರಿ ಶಿಕ್ಷಿಸುತ್ತಾನೆಂದು ಹಲವರು ನಂಬಿದ್ದಾರೆ. ಹಾಗಿಲ್ಲ. ಎದುರಾಳಿಯನ್ನು ಮಾತಿನಿಂದ ಮೋಸಗೊಳಿಸುವುದು, ಅವನ ಗಮನ ಕೆಡಿಸುವುದು ಮಾತ್ರ ಹನ್ನೆರಡನೆಯ ನಿಯಮದ ಪ್ರಕಾರ ತಪ್ಪು. ಅದಕ್ಕೆ ಹಳದಿ ಕಾರ್ಡು. ಎದುರಾಳಿ ಚೆಂಡು ಮುಟ್ಟುವಾಗ ಅವನ ಸಂಗಡಿಗನಂತೆ ‘ಬಿಡು’ ಎಂದು ಕೂಗುವ ಕುಚೋದ್ಯ ನಮ್ಮ ಸೆವೆನ್ಸ್ ಪಂದ್ಯಗಳಲ್ಲಿ ಜಾಣತನವೆನಿಸಿಕೊಳ್ಳುವುದುಂಟು. ಜಾಣತನವಲ್ಲ, ಕಳ್ಳತನ.

ಈಗ ತಮ್ಮ ಕಡೆಗೆ ಬರುವೆವು. ಕೋಪಿಸಿಕೊಳ್ಳಬಾರದು. ಪಂದ್ಯದ ದಿನ ಗೆರೆಯ ಹೊರಗೆ ನಿಲ್ಲುವ ತಂದೆಯವರು, ಮಾವಂದಿರು, ಚಿಕ್ಕಪ್ಪಂದಿರು ‘ಹೊಡಿ! ಕೊಡು! ಓಡು! ಅಲ್ಲಿ ಅಲ್ಲ, ಇಲ್ಲಿ!’ ಎಂದು ಏಕಕಾಲದಲ್ಲಿ ನಾಲ್ಕು ಭಾಷೆಗಳಲ್ಲಿ ಕೂಗುತ್ತಿದ್ದರೆ, ಹತ್ತು ಮೀಟರ್ ದೂರದ ಜೊತೆಗಾರನ ‘ಆಳ್’ ಎಂಬ ಸಣ್ಣ ದನಿ ಮಗುವಿಗೆ ಕೇಳಿಸುವುದೆಂತು? ಕೇಳಿಸಿದರೂ, ಅಪ್ಪನ ಮಾತು ಮೀರುವುದೋ ಗೆಳೆಯನ ಮಾತು ಮೀರುವುದೋ ಎಂಬ ಧರ್ಮಸಂಕಟ ಆ ಎಳೆಯನಿಗೆ. ಇಂಗ್ಲೆಂಡಿನಲ್ಲಿ ಕೆಲವು ಕಡೆ ಮಕ್ಕಳ ಪಂದ್ಯಗಳಿಗೆ ವರ್ಷದಲ್ಲಿ ಒಂದು ವಾರಾಂತ್ಯವನ್ನು ಗೊತ್ತುಮಾಡಿ, ಅಂದು ನೋಡುವವರು ಚಪ್ಪಾಳೆಯ ಹೊರತು ಬೇರೆ ಸದ್ದು ಮಾಡಕೂಡದೆಂದು ಕಟ್ಟು ಮಾಡುವುದುಂಟು. ನಾವೂ ಒಂದು ಆದಿತ್ಯವಾರ ಹಾಗೆ ಕೇಳಿಕೊಂಡೆವು. ಮೊದಲ ಅರ್ಧದಲ್ಲಿ ತಂದೆಯವರೊಬ್ಬರು ಬಾಯಿಗೆ ಬೈರಾಸು ಅಡ್ಡಹಿಡಿದು ನಿಂತಿದ್ದರು; ಎರಡನೆಯ ಅರ್ಧದಲ್ಲಿ ಕೆಳಕ್ಕೆ ಇಳಿಸಿದರು. ಆದರೆ ಆ ದಿನ ನಾವೆಲ್ಲರೂ ಮೊತ್ತಮೊದಲ ಬಾರಿಗೆ ಮಕ್ಕಳ ಮಾತನ್ನು ಕೇಳಿದೆವು. ‘ಇವರು ಇಷ್ಟೆಲ್ಲ ಮಾತಾಡಿಕೊಳ್ಳುತ್ತಾರಾ!’ ಎಂದು ಒಬ್ಬ ತಾಯಿ ಆಶ್ಚರ್ಯಪಟ್ಟರು. ತರಬೇತುದಾರರಿಗೂ ಈ ಮಾತು ಅನ್ವಯಿಸುತ್ತದೆ. ನಾವು ಬಾಯಿ ಮುಚ್ಚಿದಷ್ಟೂ ಅವರ ಬಾಯಿ ತೆರೆಯಿತು.

ಈ ಸಂಘದ ಹಿರಿಯರೊಬ್ಬರು ನಮ್ಮನ್ನು ಖಾಸಗಿಯಾಗಿ ಕೇಳಿದ ಪ್ರಶ್ನೆಯೊಂದಿದೆ. ‘ಎಲ್ಲ ಸೇರಿ ಕಲಬೆರಕೆ ಮಾಡಿ ಕೊಟ್ಟರೆ ಮಕ್ಕಳ ಕನ್ನಡ ಏನಾಗಬೇಕು?’ ಎಂದರು. ಪ್ರಶ್ನೆ ನ್ಯಾಯವಾದುದೇ. ಇಲ್ಲಿ ಕನ್ನಡವನ್ನು ಉಳಿಸಲು ಎಪ್ಪತ್ತು ವರ್ಷಗಳಿಗೆ ಸಮೀಪವಾಗಿ ಹೆಣಗಿದವರಿಗೆ ಆ ಭಯ ಸಹಜ. ನಮ್ಮ ಅಭಿಪ್ರಾಯ ಹೀಗಿದೆ: ಹಿಂದೆ ಆ ಬಯಲಿನಲ್ಲಿ ಕನ್ನಡ ಇರಲೇ ಇಲ್ಲ, ಕನ್ನಡದ ಮಕ್ಕಳ ಮೌನ ಮಾತ್ರ ಇತ್ತು. ಇಂದು ಮಲಯಾಳ ಮಾಧ್ಯಮದ ಹುಡುಗನೂ ‘ಬಿಡು’ ಎನ್ನುತ್ತಾನೆ. ಕನ್ನಡ ಮಾಧ್ಯಮದವನಿಗೆ ‘ಎಡಾ’ ಎಂದು ಕರೆದರೆ ಅದು ಬೈಗುಳವಲ್ಲವೆಂದು ತಿಳಿದಿದೆ. ಪಾಠವನ್ನೂ ಪದ್ಯವನ್ನೂ ಯಕ್ಷಗಾನವನ್ನೂ ಕನ್ನಡದಲ್ಲಿಯೇ ಕೊಡೋಣ. ಅದರಲ್ಲಿ ರಾಜಿ ಬೇಡ. ಗದ್ದೆಯಲ್ಲಿ ಮೂರಕ್ಷರವನ್ನು ನೆರೆಮನೆಯವರೊಡನೆ ಹಂಚಿಕೊಂಡುದರಿಂದ ನಮ್ಮ ಕಣಜ ಬರಿದಾಗುವುದೆಂದು ನಮಗೆ ತೋರುವುದಿಲ್ಲ.

ಗಡಿನಾಡಿನವರಾದ ನಮಗೆ ಕೆಲವು ಲಾಭಗಳೂ ಇವೆಯಷ್ಟೆ. ೨೦೨೨ರ ಮೇ ತಿಂಗಳಲ್ಲಿ ಮಂಜೇರಿಯಲ್ಲಿ ಬಂಗಾಳವನ್ನು ಸೋಲಿಸಿ ಕೇರಳ ಸಂತೋಷ್ ಟ್ರೋಫಿ ಗೆದ್ದಾಗ ನಮ್ಮ ಗದ್ದೆಯ ಮಕ್ಕಳು ಕುಣಿದರು. ೨೦೨೩ರ ಮಾರ್ಚ್ ೪ರಂದು ರಿಯಾದಿನಲ್ಲಿ ಮೇಘಾಲಯವನ್ನು ೩-೨ರಿಂದ ಸೋಲಿಸಿ, ಮೈಸೂರು ರಾಜ್ಯವೆಂಬ ಹೆಸರಿದ್ದ ಕಾಲದ ಗೆಲುವಿನ ಬಳಿಕ ೫೪ ವರ್ಷಗಳ ಮೇಲೆ, ಕರ್ನಾಟಕ ಅದೇ ಟ್ರೋಫಿ ಗೆದ್ದಾಗ ಮತ್ತೆ ಕುಣಿದರು. ಒಂದು ವರ್ಷದೊಳಗೆ ಎರಡು ಸಂತೋಷ!

ಮೂರು ವಾರ ಮೌನವಾಗಿದ್ದು ಬಿಟ್ಟುಹೋದ ಆ ಹುಡುಗನ ವಿಚಾರ ಹೇಳಿ ಮುಗಿಸುವೆವು. ಅವನ ಮನೆಗೆ ನಾವು ಎರಡು ಸಲ ಹೋದೆವು. ಮೊದಲನೆಯ ಸಲ ಅವನು ಹೊರಗೆ ಬರಲಿಲ್ಲ. ಎರಡನೆಯ ಸಲ ನಾವು ಹೋಗಲಿಲ್ಲ ಎನ್ನಬೇಕು. ಹುಬ್ಬಿಗೆ ಹೊಲಿಗೆ ಹಾಕಿಸಿಕೊಂಡ ಹುಡುಗನೇ ನಮ್ಮನ್ನು ಕರೆದುಕೊಂಡು ಹೋದನು. ಅಂಗಳದಲ್ಲಿ ನಿಂತು ‘ಎಡಾ, ಬಾ’ ಎಂದು ಕರೆದನು, ಅರ್ಧ ಮಲಯಾಳ, ಅರ್ಧ ಕನ್ನಡ. ಇಬ್ಬರೂ ಈಗ ಹಿಂದಿನ ಸಾಲಿನಲ್ಲಿ ಅಕ್ಕಪಕ್ಕ ಆಡುತ್ತಾರೆ. ಯಾರ ದನಿ ದೊಡ್ಡದೆಂದು ಅವರೊಳಗೆ ಪಂತವಿದೆ.

ಈ ವರ್ಷದ ಗದ್ದೆ ಕೊಯ್ಲು ಮುಗಿದೊಡನೆ ಸಂಜೆ ನಾಲ್ಕೂವರೆಯಿಂದ ಆರರವರೆಗೆ ಮತ್ತೆ ಆಟ ಆರಂಭಿಸುವೆವು. ಹೆಣ್ಣುಮಕ್ಕಳನ್ನೂ ಕಳುಹಿಸಿಕೊಡಬೇಕು, ಕಳೆದ ವರ್ಷ ಬಂದವರು ನಾಲ್ವರೇ, ಅವರಲ್ಲೊಬ್ಬಳು ಈಗ ನಮ್ಮ ಗೋಲಿ. ಚೆಂಡುಗಳು ಎರಡಿವೆ, ಮೂರನೆಯದೊಂದು ಬೇಕಾಗಿದೆ. ನೋಡಲು ಬರುವವರಿಗೆ ತೋಟದ ಬದಿಯಲ್ಲಿ ನೆರಳಿದೆ.